ಹಿಂದಿರುಗುವ ತೂಕ

ನಮ್ಮ ಜಿಲ್ಲೆಯ ವೈದ್ಯಕೀಯ ಸೇವೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಹೊರಟರೆ, ಅವರು ಮೊದಲ ಅಧ್ಯಾಯದಲ್ಲೇ ಇತ್ಯರ್ಥಪಡಿಸಿಕೊಳ್ಳಬೇಕಾದ ಗಂಭೀರ ಪ್ರಶ್ನೆಯೊಂದಿದೆ. ಸಂಚಾರಿ ಆಸ್ಪತ್ರೆಯ ಗಾಡಿಗೆ ಉಡುಗೊರೆಯ ಕುರಿ ಹತ್ತಿದಾಗ ಅದರ ತೂಕವನ್ನು ಮುಂದಿನ ಹಿಂದಿನ ಎರಡು ಆಕ್ಸಲ್‌ಗಳಿಗೂ ಹಂಚಬೇಕೋ, ಇಲ್ಲ ಪೂರ್ತಿಯಾಗಿ ಹಿಂದಿನ ಆಕ್ಸಲ್‌ನ ತಲೆಗೇ ಕಟ್ಟಬೇಕೋ? ಸಿಡುಬನ್ನೂ ಕ್ಷಯವನ್ನೂ ನಮ್ಮ ಹಿರಿಯರು ಇದಕ್ಕಿಂತ ಕಡಿಮೆ ವಾದವಿವಾದದಲ್ಲಿ ನಿಭಾಯಿಸಿದ್ದಾರೆ. ಈ ವಿಷಯದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಒಂದೇ ನಿಲುವಿಗೆ ಅಂಟಿಕೊಂಡು, ಬಂದ ಮೇಲಧಿಕಾರಿಗಳನ್ನೆಲ್ಲ ಎದುರಿಸಿ, ಅವರಲ್ಲಿ ಬಹುಪಾಲು ಮಂದಿಯನ್ನು ಗೆದ್ದು, ಉಳಿದವರನ್ನು ದಣಿಸಿ, ಈ ವಸಂತದಲ್ಲಿ ಸೇವೆಯಿಂದ ನಿವೃತ್ತರಾಗುತ್ತಿರುವ ವ್ಯಕ್ತಿಯೇ ಈ ಸಂಪುಟದ ಗೌರವಕ್ಕೆ ಪಾತ್ರರಾದ ಬುರ್ಮಾಕಾನ್ ಶೆರಾಲಿಯೆವ್ನಾ ಅವರು. ಊರಿಗೆಲ್ಲ ಅಕ್ಕನಾದ್ದರಿಂದ ಯಾರೂ ಅವರನ್ನು ಆ ಉದ್ದನೆಯ ಹೆಸರಿನಿಂದ ಕರೆದವರಲ್ಲ; ನಮಗೆಲ್ಲ ಅವರು ಬುರ್ಮಾಕಾನ್ ಎಜೆ. ಕುರಿಯ ಬಗ್ಗೆ ಅವರ ನಿಲುವು ಹಿಂದಿನ ಆಕ್ಸಲ್ ಎಂದೇ. ಕಾರಣ ಕೇಳಿದವರಿಗೆ, "ಕುರಿ ಯಾವತ್ತಾದ್ರೂ ಮುಂದಿನ ಸೀಟಲ್ಲಿ ಕೂತಿದ್ದು ನೋಡಿದೀರಾ?" ಎನ್ನುತ್ತಿದ್ದರು. ನೋಡಿದವರು ಇಬ್ಬರಿದ್ದರು, ಆದರೆ ಅವರು ಬಾಯಿ ಬಿಡಲಿಲ್ಲ.

ರಸ್ತೆ ಮುಗಿದ ಮೇಲೂ ಓಡಬೇಕಾದ ಗಾಡಿಗಳಿಗೆ ಸರಿಯಾದ ಚಕ್ರವನ್ನು ಆರಿಸುವುದು ನಮ್ಮ ನಾಡಿನಲ್ಲಿ ಒಂದು ವಿದ್ಯೆಯೆಂದು ಮೊದಲು ಗಣಿಸಿದವರಲ್ಲಿ ಅವರೊಬ್ಬರು. ಅವರ ತಂದೆ ಸಾಮೂಹಿಕ ಜಮೀನಿನ ಉಣ್ಣೆ ಕೇಂದ್ರದಲ್ಲಿ ತೂಕದವರಾಗಿದ್ದರು. ಒದ್ದೆ ಉಣ್ಣೆ ತಂದವನನ್ನು ಆತನ ನಡಿಗೆಯಿಂದಲೇ ಗುರುತಿಸುತ್ತಿದ್ದರಂತೆ. ಮಗಳು ರಾಜಧಾನಿಯ ಪಾಲಿಟೆಕ್ನಿಕ್‌ನಲ್ಲಿ, ಆ ಊರನ್ನು ಇನ್ನೂ ಫ್ರುಂಜೆ ಎನ್ನುತ್ತಿದ್ದ ಕಾಲದಲ್ಲಿ, ಮೋಟಾರು ಎಂಜಿನಿಯರಿಂಗ್ ಓದಿದರು. ತರಗತಿಯಲ್ಲಿ ಅವರೊಬ್ಬರೇ ಹುಡುಗಿಯೆಂಬುದನ್ನು ಯಾರಾದರೂ ಮೆಚ್ಚುಗೆಯಿಂದ ನೆನಪಿಸಿದರೆ, "ನಾನೊಬ್ಬಳೇ ಪಾಸಾದೋಳು ಅನ್ನೋದನ್ನೂ ಸೇರಿಸಿ" ಎಂದು ತಿದ್ದುವುದು ಅವರ ರೂಢಿ. ವಿನಯ ಅವರ ಗುಣಗಳಲ್ಲಿ ಒಂದಲ್ಲ. ಅಭಿನಂದನ ಸಂಪುಟದಲ್ಲಿಯೂ ಸುಳ್ಳು ಹೇಳಬಾರದು. ದೇಶವೇ ಹೆಸರು ಬದಲಿಸಿಕೊಂಡ ವರ್ಷ ಅವರು ಊರಿಗೆ ಮರಳಿ, ನಮ್ಮ ಸಂಚಾರಿ ಆಸ್ಪತ್ರೆಯ ಸಾರಿಗೆ ವಿಭಾಗಕ್ಕೆ ಮುಖ್ಯಸ್ಥರಾದರು. ವಿಭಾಗವೆಂದರೆ ಒಂದು ಶೆಡ್ಡು, ಒಬ್ಬ ಚಾಲಕ, ಮತ್ತು ಉದ್ದನೆಯ ಬ್ರೆಡ್ ರೊಟ್ಟಿಯ ಆಕಾರದ ಒಂದು ಬೂದುಬಣ್ಣದ ವ್ಯಾನು. ಚಾಲಕರು ಬದಲಾಗಿದ್ದಾರೆ. ರೊಟ್ಟಿ ಗಾಡಿ ಇಂದಿಗೂ ಅದೇ.

ಆರಂಭದ ವರ್ಷಗಳಲ್ಲಿ ಅವರು ಮಾಡಿದ ಒಂದು ತಪ್ಪು, ಅವರೇ ಎಲ್ಲ ಹೊಸಬರಿಗೂ ಹೇಳುತ್ತಿದ್ದ ಕಥೆಯಾದ್ದರಿಂದ, ಇಲ್ಲಿ ದಾಖಲಿಸಲು ಸಂಕೋಚವಿಲ್ಲ. ಆಗ ಸರಿಯಾದ ಬಿಡಿಭಾಗಗಳು ಯಾರಿಗೂ ಸಿಗುತ್ತಿರಲಿಲ್ಲ. ಎಜೆಯವರು ಗಾಡಿಯ ತೂಕ, ಔಷಧಿಯ ತೂಕ, ಜನರ ತೂಕ ಎಲ್ಲವನ್ನೂ ಕೂಡಿ, ಹಿಂದಿನ ಆಕ್ಸಲ್‌ಗೆ ಬೀಳುವ ಭಾರವನ್ನು ಎರಡಾಗಿ ಭಾಗಿಸಿ, ಅದಕ್ಕಿಂತ ಕೊಂಚ ಹೆಚ್ಚು ಹೊರಬಲ್ಲ ಹಳೆಯ ರಿಮ್ಮುಗಳನ್ನು ಹುಡುಕಿ ತಂದು ಹಾಕಿದರು. ಲೆಕ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಗಾಡಿ ಬೇಸಿಗೆಯ ಹುಲ್ಲುಗಾವಲಿಗೆ, ನಮ್ಮ ಮಾತಿನಲ್ಲಿ ಜೈಲೂಗೆ, ಹೂವಿನಂತೆ ಹತ್ತಿತು. ಇಳಿಯುವಾಗ ನಟ್ಟುಗಳ ಸುತ್ತ ರಿಮ್ಮು ಬಿರಿದು, ಗಾಡಿ ಹಳ್ಳದ ಕಲ್ಲುಗಳ ಮೇಲೆ ಹೊಟ್ಟೆಯೂರಿ ಕುಳಿತಿತು. ಲಸಿಕೆಯ ಪೆಟ್ಟಿಗೆ ನೀರುಪಾಲಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಹಿಂದೆ ಕಟ್ಟಿದ್ದ ಮೂರು ಕುರಿಗಳಿಗೂ, ಕುಮಿಸ್ ಎಂಬ ಹುಳಿ ಕುದುರೆಹಾಲು ತುಂಬಿದ ಪೀಪಾಯಿಗೂ, ಎರಡು ಮೂಟೆ ಒಣಗಿಣ್ಣಿಗೂ ಏನೂ ಆಗಲಿಲ್ಲ. ಅಲ್ಲಿಯೇ, ಕುರಿಗಳನ್ನು ನೋಡುತ್ತ ಬಂಡೆಯ ಮೇಲೆ ಕುಳಿತಿದ್ದಾಗ, ತಮಗೆ ಜ್ಞಾನೋದಯವಾಯಿತೆಂದು ಅವರು ಹೇಳುತ್ತಿದ್ದರು.

"ಪಾಲಿಟೆಕ್ನಿಕ್ಕಲ್ಲಿ ನಮಗೆ ಕಲಿಸಿದ್ದು ಹೋಗೋ ಗಾಡಿ ಲೆಕ್ಕ. ಅವರ ದೇಶದಲ್ಲಿ ಗಾಡಿ ತುಂಬ್ಕೊಂಡು ಹೋಗುತ್ತೆ, ಖಾಲಿ ಬರುತ್ತೆ. ನಮ್ಮದು ಖಾಲಿ ಹೋದ್ರೂ ತುಂಬ್ಕೊಂಡೇ ಬರೋದು. ಯಾರ ಮನೆಯಿಂದಾದ್ರೂ ಬರಿಗೈಲಿ ಎದ್ದು ಬಂದಿದೀರಾ ನೀವು? ಬಿಡ್ತಾರಾ ನಮ್ಮೋರು?"

ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಚಕ್ರವನ್ನು ಆರಿಸುವುದು ಹಿಂದಿರುಗುವ ತೂಕಕ್ಕೆ. ಈ ಪದ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಯಾವ ಪಠ್ಯಪುಸ್ತಕದ ಕರ್ತೃವೂ ನಮ್ಮ ಜೈಲೂಗಳಲ್ಲಿ ಅತಿಥಿಯಾಗಿರಲಿಲ್ಲವೆಂದು ಕಾಣುತ್ತದೆ.

ನಾನು ಹಲ್ಲಿನ ವೈದ್ಯನಾಗಿ ಈ ಸೇವೆಗೆ ಸೇರಿದ ಮೊದಲ ದಿನವೇ ಎಜೆಯವರು ನನ್ನನ್ನು ದನಕುರಿಗಳ ಸಂತೆಗೆ ಕರೆದೊಯ್ದರು. ಊರು ತೋರಿಸುತ್ತಾರೆಂದುಕೊಂಡೆ. ಪಶುಗಳನ್ನು ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನನ್ನನ್ನು ಕೋಟು ಬೂಟಿನ ಸಮೇತ ನಿಲ್ಲಿಸಿದರು.

"ಎಪ್ಪತ್ತೊಂದು ಎಜೆ," ಎಂದ ತಕ್ಕಡಿಯವನು.

"ಚಳಿಗಾಲಕ್ಕೆ ಎಂಬತ್ತಾಗ್ತಾನೆ. ಎಂಬತ್ತು ಅಂತಲೇ ಇಟ್ಕೋತೀನಿ."

"ಈ ವಾರ ಮಾರ್ಬೇಡಿ ಇವನನ್ನ. ಇನ್ನೊಂದಷ್ಟು ದಿನ ಮೇಯಿಸಿ," ಎಂದು ತಕ್ಕಡಿಯವನು ನನ್ನ ಬೆನ್ನು ಚಪ್ಪರಿಸಿ ಕೆಳಗಿಳಿಸಿದನು. ಸಂತೆಯಲ್ಲಿ ನಕ್ಕವರಲ್ಲಿ ಅರ್ಧ ಜನ ಮುಂದೆ ನನ್ನ ರೋಗಿಗಳಾದರು. ಆ ಸೇಡನ್ನು ನಾನು ತೀರಿಸಿಕೊಂಡೆನೆಂದು ಊರಿನಲ್ಲಿ ಆಡಿಕೊಳ್ಳುತ್ತಾರೆ, ಅದು ಅತಿಶಯೋಕ್ತಿ.

ಅದೇ ಚಳಿಗಾಲ ಎಜೆಯವರು ನನ್ನ ಪಟ್ಟಣದ ಬೂಟುಗಳನ್ನು ನೋಡಿ ಮರುಕಗೊಂಡು, ತಮ್ಮ ತಂದೆಯವರ ಉಣ್ಣೆಯ ಬೂಟುಗಳನ್ನು ತಂದು ನನ್ನ ಕಾಲಬುಡದಲ್ಲಿ ಇಟ್ಟರು. ನಾನು ಕೃತಜ್ಞತೆ ಹೇಳಹೊರಟಾಗ, "ಜೋಡಿ ಮೂರು ಕಿಲೋ ಇದೆ. ನಿನ್ನ ಲೆಕ್ಕಕ್ಕೆ ಸೇರಿಸಿದೀನಿ" ಎಂದರು. ಅವರ ಪ್ರೀತಿಯೆಲ್ಲ ಹೀಗೆ ತೂಕದ ರೂಪದಲ್ಲಿಯೇ ಬರುತ್ತಿತ್ತು. ಮಗಳ ಮದುವೆಗೆ ನಾನು ರಜೆ ಹಾಕಿದಾಗ, ಸೊಸೆಯಾಗಿ ಹೋಗುವವಳ ಹಾಸಿಗೆ, ಪೆಟ್ಟಿಗೆ, ನಾಲ್ಕು ದೊಡ್ಡ ನೆಲಗಂಬಳಿಗಳನ್ನು ಯಾವ ಗಾಡಿಯಲ್ಲಿ ಎಲ್ಲಿಡಬೇಕೆಂದು ಹೇಳುತ್ತ ಅರ್ಧ ದಿನ ನಿಂತು ಏರಿಸಿದವರು ಅವರು. ಬೀಗರು ಎಜೆಯನ್ನೇ ವಧುವಿನ ತಾಯಿಯೆಂದು ಭಾವಿಸಿ, ಕೊನೆಯವರೆಗೂ ಅವರೊಡನೆಯೇ ಜಗಳವಾಡಿದರು.

ಅವರ ಲೆಕ್ಕದಲ್ಲಿ ಇನ್ನೊಂದು ವಿಚಿತ್ರವಿತ್ತು. ಪ್ರತಿ ಪ್ರಯಾಣದಲ್ಲೂ ಎಂಬತ್ತು ಕಿಲೋ ಯಾರ ಹೆಸರಿಗೂ ಸೇರದೆ ಖಾಲಿ ಉಳಿಯುತ್ತಿತ್ತು. ನಮ್ಮ ಪೆಟ್ಟಿಗೆ, ಬುಟ್ಟಿ, ನೆಂಟರಿಗೆ ಕಳಿಸಬೇಕಾದ ಹಿಟ್ಟಿನ ಚೀಲ ಇತ್ಯಾದಿಗಳನ್ನು ಆ ಜಾಗಕ್ಕೆ ತೂರಿಸಲು ನಾವು ಮಾಡದ ಉಪಾಯವಿಲ್ಲ.

"ಅದು ತುಂಬಿದೆ," ಎನ್ನುತ್ತಿದ್ದರು ಎಜೆ.

"ಯಾರಿಂದ?"

"ದಾರೀಲಿ ಕೈ ಎತ್ತೋರಿಂದ. ಅವರಿನ್ನೂ ಹತ್ತಿಲ್ಲ, ಅಷ್ಟೆ."

ಆ ಎಂಬತ್ತು ಕಿಲೋದಲ್ಲಿ ಬಸುರಿಯರು, ಕಾಲು ಮುರಿದ ಕುದುರೆ ಸವಾರರು, ಒಮ್ಮೆ ಪರೀಕ್ಷೆಗೆ ತಡವಾದ ಶಾಲೆಯ ಉಪಾಧ್ಯಾಯರು ಬೆಟ್ಟವಿಳಿದದ್ದನ್ನು ನಾನು ಕಂಡಿದ್ದೇನೆ. ಹಲವು ಬಾರಿ ಅದು ಖಾಲಿಯಾಗಿಯೇ ಬಂದದ್ದನ್ನೂ ಕಂಡು, ನನ್ನ ಹಿಟ್ಟಿನ ಚೀಲವನ್ನು ನೆನೆದು ಮರುಗಿದ್ದೇನೆ.

ಇಷ್ಟು ಪೀಠಿಕೆಯ ನಂತರ, ಈ ಸಂಪುಟದ ಓದುಗರೆಲ್ಲ ಕಾದಿರುವ ಆ ಬೇಸಿಗೆಗೆ ಬರುತ್ತೇನೆ.

ಎರ್ಮೆಕ್ ಸಾಗಿನ್‌ಬಾಯೆವಿಚ್ ಅವರು ನಮಗೆ ಮುಖ್ಯ ವೈದ್ಯಾಧಿಕಾರಿಯಾಗಿ ಬಂದ ವರ್ಷವದು. ಚುರುಕಿನ ತರುಣರು, ಒಳ್ಳೆಯ ಮನಸ್ಸಿನವರು. ಈ ಲೇಖನವನ್ನು ಮುದ್ರಣಕ್ಕೆ ಮೊದಲು ಓದಿ, ಒಂದು ವಾಕ್ಯವನ್ನೂ ತೆಗೆಯಬಾರದೆಂದು ಹೇಳುವಷ್ಟು ದೊಡ್ಡ ಮನಸ್ಸಿನವರು. ಗಾಡಿಯ ತುಕ್ಕು ಹಿಡಿದ ಉಕ್ಕಿನ ಚಕ್ರಗಳು ಅವರ ಕಣ್ಣಿಗೆ ಚುಚ್ಚುತ್ತಿದ್ದವು. ಎಜೆಯವರು ಒಂದು ವಾರ ಅಕ್ಕನ ಮನೆಗೆ ಹೋಗಿದ್ದಾಗ, ಎರ್ಮೆಕ್ ಅವರು ರಾಜಧಾನಿಯ ಬಜಾರಿಗೆ ಹೋಗಿ, ಹಳೆಯ ಐದು ಚಕ್ರಗಳನ್ನು ಅಂಗಡಿಗೆ ಕೊಟ್ಟು, ಬೆಳ್ಳಿಯಂತೆ ಹೊಳೆಯುವ ಐದು ಅಲಾಯ್ ಚಕ್ರಗಳನ್ನು ತಂದು ಹಾಕಿಸಿಯೇಬಿಟ್ಟರು. ಮರಳಿ ಬಂದ ಎಜೆಯವರನ್ನು ಶೆಡ್ಡಿನ ಮುಂದೆಯೇ ಎದುರುಗೊಂಡರು.

"ಹೇಗಿದೆ ಎಜೆ? ಕಣ್ಣು ಕುಕ್ಕುತ್ತಲ್ವಾ?"

"ಕುಕ್ಕುತ್ತೆ ಎರ್ಮೆಕ್ ಸಾಗಿನ್‌ಬಾಯೆವಿಚ್. ಯಾವ ಗಾಡೀದು ಇವು?"

"ಚಿಕ್ಕ ಜೀಪಿಂದು. ಆದ್ರೆ ನೋಡಿ, ಐದು ನಟ್ಟೂ ಅಳತೆಗೆ ಸರಿಯಾಗಿ ಕೂತಿವೆ!"

"ನಟ್ಟು ಕೂತಿವೆ. ನಡುವಿನ ತೂತು?"

"ಅದು ಸ್ವಲ್ಪ ಬಿಗಿಯಿತ್ತು. ಅಲ್ಲೇ ಲೇತಿಗೆ ಕೊಟ್ಟು ದೊಡ್ಡದು ಮಾಡಿಸ್ದೆ. ಚಹಾ ಕುಡಿಯೋಷ್ಟರಲ್ಲಿ ಆಗ್ಹೋಯ್ತು."

ಚಾಲಕ ಕುಬಾತ್ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದನು. ಎಜೆಯವರು ಮೇಲಧಿಕಾರಿಗಳನ್ನು ತಂದೆಯ ಹೆಸರು ಕೂಡಿಸಿ, ಬಹುವಚನದಲ್ಲಿ ಮಾತನಾಡಿಸುವಷ್ಟು ಹೊತ್ತೂ ಎಲ್ಲವೂ ಕ್ಷೇಮವೆಂದು ಅರ್ಥ.

"ತಮ್ಮಾ," ಎಂದರು ಎಜೆ. "ಟೋಪಿ ಬಿಗಿಯಾಯ್ತು ಅಂತ ಅದರ ನೆತ್ತಿ ಕತ್ತರಿಸಿ ಹಾಕ್ಕೊಂಡು ಬಂದಿದೀಯಲ್ಲೋ."

ಒಂದು ಚಕ್ರವನ್ನು ಬಿಚ್ಚಿಸಿ, ಮಗುಚಿಸಿ, ಅದರ ಒಳಮೈಯನ್ನು ಒರೆಸಿದರು. ಹೊರಮೈ ಅಂಗಡಿಯವನದು, ಒಳಮೈ ನಮ್ಮದು ಎಂಬುದು ಅವರ ಮಾತು. ಪ್ರತಿ ಚಕ್ರವೂ ತಾನೆಷ್ಟು ಹೊರಬಲ್ಲೆನೆಂಬುದನ್ನು ತನ್ನ ಬೆನ್ನಿನಲ್ಲೇ ಎರಕದಲ್ಲಿ ಬರೆಸಿಕೊಂಡಿರುತ್ತದೆ. ಅಲ್ಲಿ ಆರುನೂರು ಕಿಲೋ ಎಂದಿತ್ತು.

ಎರ್ಮೆಕ್ ಅವರ ಮುಖ ಅರಳಿತು. "ನಾಲ್ಕಾರ್ಲಿ ಇಪ್ಪತ್ನಾಲ್ಕು ನೂರು. ನಮ್ಮ ಗಾಡಿ ಎಲ್ಲಾ ತುಂಬಿದ್ರೂ ಇಪ್ಪತ್ತೆರಡು ನೂರು ದಾಟಲ್ಲ. ಇನ್ನೂರು ಮಿಗುತ್ತಲ್ಲ!"

"ಗಾಡಿ ನಾಲ್ಕೂ ಕಾಲ ಮೇಲೆ ಸಮ ನಿಲ್ಲೋಕೆ ಅದೇನು ಮೇಜಾ? ದಾಕ್ತರ ಕುರ್ಚಿ ಎಲ್ಲಿದೆ? ಹಿಂದೆ. ಜನರೇಟರು? ಹಿಂದೆ. ಬೀರು? ಹಿಂದೆ. ಹತ್ತ ಹತ್ತಾ ಭಾರ ಎಲ್ಲಾ ಇನ್ನೂ ಹಿಂದಕ್ಕೇ ಜಾರುತ್ತೆ. ಎರಡು ಚಕ್ರದ ಲೆಕ್ಕ ಹೇಳು ನನಗೆ, ನಾಲ್ಕರದ್ದು ಬೇಡ. ಕಲ್ಲಿನ ಮೇಲಿಂದ ಧೊಪ್ಪಂತ ಬೀಳುತ್ತಲ್ಲ, ಆಗ ಒಂದೇ ಚಕ್ರದ್ದು ಹೇಳು."

ಗಾಡಿಯ ಹಿಂಗಾಲುಗಳನ್ನು ಮಾತ್ರ ಸಂತೆಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಲಾಯಿತು. ಹೋಗುವ ತೂಕವೇ ಮಿತಿಯನ್ನು ಮೀರುತ್ತಿತ್ತು. ಇನ್ನು ಹಿಂದಿರುಗುವ ತೂಕದ ಮಾತೇಕೆ?

"ಈ ಸಲ ಕುರಿ ಬೇಡ ಅಂದ್ಬಿಡೋಣ," ಎಂದರು ಎರ್ಮೆಕ್.

ಯಾರೂ ನಗಲಿಲ್ಲ, ಅವರು ಪಟ್ಟಣದಲ್ಲಿ ಬೆಳೆದವರು.

ಹಳೆಯ ಚಕ್ರಗಳು ಆಗಲೇ ಮಾರಾಟವಾಗಿ ಹೋಗಿದ್ದವು. ಹೊಸದಕ್ಕೆ ಆ ವರ್ಷ ಅನುದಾನವಿರಲಿಲ್ಲ. ಗಾಡಿ ಹೊರಡದಿದ್ದರೆ, ಸಾರಿ-ಬೆಲ್ ಕಣಿವೆಯ ಆಚೆ ಬೇಸಿಗೆ ಕಳೆಯುವ ಕುಟುಂಬಗಳಿಗೆ ಮುಂದಿನ ವರ್ಷದವರೆಗೆ ವೈದ್ಯರ ಮುಖವಿಲ್ಲ. ಗಾಡಿ ಯೋಗ್ಯವೆಂದು ಸಹಿ ಹಾಕಬೇಕಾದವರು ಎಜೆ. ಅವರು ಎರಡು ದಿನ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬಂದು, ತೂತು ಕೊರೆದ ಚಕ್ರವನ್ನು ಆರುನೂರಲ್ಲ, ಐನೂರೆಂದೇ ಎಣಿಸತಕ್ಕದ್ದೆಂದೂ, ಹಿಂದಿನ ಜೋಡಿಗೆ ಸಾವಿರಕ್ಕಿಂತ ಒಂದು ಕಿಲೋ ಹೆಚ್ಚು ಬೀಳಕೂಡದೆಂದೂ ತೀರ್ಪಿತ್ತರು. ಜನರೇಟರು ಇಳಿಯಿತು. ಬೀರು ಇಳಿಯಿತು. ಹಿಂದಿನ ಬೆಂಚು ಇಳಿಯಿತು. ಬಳಿಕ ಅವರು ನನ್ನ ಕುರ್ಚಿಯ ಮೇಲೆ ಕೈಯಿಟ್ಟರು.

"ಎಜೆ, ಕುರ್ಚಿ ಇಲ್ದೆ ನಾನು ಹಲ್ಲು ಹೇಗೆ ಕೀಳ್ಲಿ?"

"ನಿಮ್ಮಜ್ಜನ ಹಲ್ಲು ಯಾವ ಕುರ್ಚೀಲಿ ಕಿತ್ರು?"

"ಅದಕ್ಕೇ ಅಜ್ಜ ಸಾಯೋವರೆಗೂ ಒಂದೇ ಕಡೆ ಅಗೀತಿದ್ದ. ನಿಮ್ಮ ಆ ಎಂಬತ್ತು ಕಿಲೋ ಇದೆಯಲ್ಲ, ಅಲ್ಲಿ ಇಡೋಣ. ಕುರ್ಚಿ ಎಪ್ಪತ್ತೆಂಟೇ ಕಿಲೋ."

"ಅದು ತುಂಬಿದೆ," ಎಂದರು ಎಜೆ.

ಹೀಗೆ, ಕುರ್ಚಿಯಿಲ್ಲದ ದಂತವೈದ್ಯನೂ, ತಾನೇ ಆರಿಸಿದ ಚಕ್ರಗಳ ಮೇಲೆ ತಾನೂ ಕುಳಿತು ಬರುತ್ತೇನೆಂದು ಹಟ ಹಿಡಿದ ಮುಖ್ಯಾಧಿಕಾರಿಯೂ, ಕುಬಾತನೂ, ಎಜೆಯೂ ಹೊರಟೆವು. ನಡೆದರೆ ಇದಕ್ಕಿಂತ ಬೇಗ ತಲುಪುತ್ತಿದ್ದೆವು. ಒಡ್ಡೊಡ್ಡಾದ ಜಾಗ ಬಂದಾಗಲೆಲ್ಲ ಎಜೆಯವರು ನಮ್ಮನ್ನು ಇಳಿಸಿ, ಗಾಡಿಯ ಹಿಂದೆ ನಡೆಸಿದರು. ಕುಬಾತ್ ಪ್ರತಿ ಏರಿನ ತುದಿಯಲ್ಲೂ ಇಳಿದು, ಕುದುರೆಯ ಕಾಲನ್ನು ನೋಡುವವನಂತೆ ರಿಮ್ಮುಗಳನ್ನು ಸವರಿ ನೋಡಿದನು.

ಜೈಲೂನಲ್ಲಿ ಮಿರ್ಜಾಕುಲ್ ಎಂಬ ಕುರಿಗಾಹಿಯ ಗುಡಾರದಲ್ಲಿ ನಮ್ಮ ಬಿಡಾರ. ನಾನು ರೋಗಿಗಳನ್ನು ಕುದುರೆಯ ಜೀನಿನ ಮೇಲೆ ಕೂರಿಸಿ, ಅವರ ತಲೆಯನ್ನು ಎಜೆಯವರ ಮೊಣಕಾಲುಗಳ ನಡುವೆ ಸಿಕ್ಕಿಸಿ, ಹಗಲೆಲ್ಲ ಹಲ್ಲು ಕಿತ್ತೆ. ಆ ಹಿಡಿತದಲ್ಲಿ ಯಾರೂ ಅಲುಗಾಡಲಿಲ್ಲ ಎಂಬುದನ್ನು ವೈದ್ಯಕೀಯ ಸತ್ಯಕ್ಕಾಗಿ ಹೇಳುತ್ತಿದ್ದೇನೆ. ಕುರ್ಚಿಯಿದ್ದಾಗ ಎಲ್ಲರೂ ಅಲುಗಾಡುತ್ತಿದ್ದರು.

ಹೊರಡುವ ದಿನ ಬೆಳಿಗ್ಗೆ ಮಿರ್ಜಾಕುಲನ ತಾಯಿ ಉಮ್ಸುನ್ ಅಪಾ ಅವರನ್ನು ಮೇಲಿನ ಬಿಡಾರದಿಂದ ಕುದುರೆಯ ಮೇಲೆ ಕರೆತಂದರು. ಕೊಳೆತ ದವಡೆಹಲ್ಲನ್ನು ಅವರು ಹೊಗೆಸೊಪ್ಪಿನಿಂದ ಸಂಭಾಳಿಸಿಕೊಂಡಿದ್ದರಂತೆ. ಕೀವು ಈಗ ಗಲ್ಲದ ಅಡಿಯಿಂದ ಕುತ್ತಿಗೆಗೆ ಇಳಿದಿತ್ತು. ನಾಲಿಗೆ ಮೇಲಕ್ಕೆದ್ದು, ಎಂಜಲು ನುಂಗಲಾಗದೆ, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಈ ಊತ ಗಂಟಲನ್ನು ಮುಚ್ಚುವ ಮೊದಲು ಕುತ್ತಿಗೆಯನ್ನು ಕೊಯ್ದು ಕೀವು ತೆಗೆಯಬಲ್ಲ ಶಸ್ತ್ರವೈದ್ಯ ಬೇಕಿತ್ತು. ಅವನಿದ್ದದ್ದು ಪಟ್ಟಣದ ಆಸ್ಪತ್ರೆಯಲ್ಲಿ. ಸಂಜೆಯೊಳಗೆ ತಲುಪದಿದ್ದರೆ ಅಪಾ ಉಳಿಯುವುದಿಲ್ಲವೆಂದು ನಾನು ಎಜೆಯವರಿಗೆ ಪಿಸುದನಿಯಲ್ಲಿ ಹೇಳಿದೆ.

"ಕೂತೇ ಬರ್ಬೇಕಾ?"

"ಕೂತೇ. ಸೊಸೆ ಹಿಂದಿಂದ ಹಿಡ್ಕೋಬೇಕು. ಪಕ್ಕದಲ್ಲಿ ನಾನಿರ್ಬೇಕು."

ಎಜೆಯವರು ಅಪಾ ಅವರನ್ನೊಮ್ಮೆ, ಸೊಸೆಯನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು, ತಂದೆಯಿಂದ ಬಂದದ್ದು. "ಅಪಾ ಐವತ್ತೈದು. ಸೊಸೆ ಎಪ್ಪತ್ತು. ನನ್ನ ಖಾಲಿ ಜಾಗ ಎಂಬತ್ತು," ಎಂದು ಲೆಕ್ಕ ಹಾಕಿ, ಮುಖ್ಯಾಧಿಕಾರಿಯ ಕಡೆ ತಿರುಗಿದರು. "ಎರ್ಮೆಕ್ ಸಾಗಿನ್‌ಬಾಯೆವಿಚ್, ನೀವು ಇಳೀಬೇಕು. ನಾನೂ ಇಳೀತೀನಿ. ಕಲ್ಲುಗಳಿಗೂ ಒಂದಿಷ್ಟು ಬಿಟ್ಟಿರೋಣ."

ಎರ್ಮೆಕ್ ಅವರು ತಮ್ಮ ಕೋಟನ್ನೂ ಚೀಲವನ್ನೂ ಗಾಡಿಯಿಂದ ತೆಗೆದರು. ತೆಗೆಯಲು ಹಿಂಬಾಗಿಲು ತೆರೆದವರು ಹಾಗೆಯೇ ನಿಂತುಬಿಟ್ಟರು. ಒಳಗೆ ಆರು ಕುರಿಗಳು ಕಾಲು ಕಟ್ಟಿಸಿಕೊಂಡು ಮಲಗಿದ್ದವು. ಗುಡಾರಕ್ಕೊಂದರಂತೆ, ನಾವು ಚಹಾ ಕುಡಿಯುತ್ತಿದ್ದಾಗ ಸದ್ದಿಲ್ಲದೆ ಏರಿಸಿದ್ದರು.

"ಇಳಿಸಿ ಇವನ್ನ," ಎಂದರು ಎರ್ಮೆಕ್.

ಮಿರ್ಜಾಕುಲನ ಮುಖ ಕಪ್ಪಿಟ್ಟಿತು. "ಇಳಿಸೋದಾ? ನಮ್ಮಮ್ಮನ್ನ ಕರ್ಕೊಂಡು ಹೋಗೋ ಗಾಡಿ ನನ್ನ ಮನೆ ಬಾಗಿಲಿಂದ ಬರಿದಾಗಿ ಹೋಗೋದಾ? ಕೊಟ್ಟದ್ದನ್ನ ವಾಪಸ್ ಇಟ್ಕೊಂಡ ಅಂತ ಜನ ನನ್ನ ಮುಖಕ್ಕೆ ಉಗೀಬೇಕಾ? ಆಮೇಲೆ ಅವಳಿಗೇನಾದ್ರೂ ಆದ್ರೆ?"

"ಬಾಯ್ಕೆ, ಅಣ್ಣಾ, ಚಕ್ರ ಮುರಿಯುತ್ತೆ—"

"ಮುರಿಯೋ ಚಕ್ರ ಹಾಕ್ಕೊಂಡು ಬರೋಕೆ ನಿಮಗೆ ಯಾರು ಹೇಳಿದ್ರು?"

ಉಳಿದ ಗುಡಾರಗಳ ಹಿರಿಯರೂ ಬಂದು ಬಾಗಿಲಿಗೆ ಅಡ್ಡ ನಿಂತರು. ಯಾರದ್ದಾದರೂ ಒಂದು ಕುರಿ ಇಳಿದು ಇನ್ನೊಬ್ಬರದ್ದು ಉಳಿದರೆ ಅದು ಇನ್ನೂ ದೊಡ್ಡ ಅವಮಾನ. ಅಪಾ ಅವರ ಉಸಿರು ಗೊರಗೊರ ಎನ್ನುತ್ತಿತ್ತು. ನಾನು ಕೂಗಾಡಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಎಜೆಯವರು ಗಾಡಿಯೊಳಗೆ ಹೋಗಿ, ಕುರಿಗಳ ಬೆನ್ನಿನ ಮೇಲೆ ಒಂದೊಂದಾಗಿ ಕೈಯಿಟ್ಟು ಬಂದರು.

"ಮಿರ್ಜಾಕುಲ್, ಆರನ್ನೂ ತಗೊಂಡೆ. ದೇವರು ನಿಮ್ಮ ಹಿಂಡು ಹೆಚ್ಚಿಸ್ಲಿ. ಈಗ ಇವು ಯಾರವು?"

"ನಿಮ್ಮವು ಎಜೆ."

"ನಂದಲ್ಲ, ಗಾಡೀವು. ಗಾಡಿ ಕುರಿ ಎಲ್ಲಿ ಮೇಯ್ಬೇಕು ಅನ್ನೋದು ಯಾರ ಇಷ್ಟ?"

"ಗಾಡಿಯೋರ ಇಷ್ಟ."

"ಹಾಗಾದ್ರೆ ಇಲ್ಲೇ ಮೇಯ್ಲಿ. ಪಟ್ಟಣದಲ್ಲಿ ಹುಲ್ಲೆಲ್ಲಿದೆ? ನಿನ್ನ ಹಿಂಡಲ್ಲಿ ಬಿಟ್ಟು ಹೋಗ್ತಿದೀನಿ, ಜವಾಬ್ದಾರಿ ನಿಂದು. ಕಿವಿಗೆ ಗುರುತು ಹಾಕು. ನಾಳೆ ನಿಂದು ಯಾವುದು ನಮ್ದು ಯಾವುದು ಅಂತ ಜಗಳ ಬೇಡ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ಟದ್ದು ಕೊಟ್ಟಂತಾಗಿತ್ತು, ಪಡೆದದ್ದು ಪಡೆದಂತಾಗಿತ್ತು. ನಂಬಿ ಒಪ್ಪಿಸಿದ ಕುರಿಯನ್ನು ಬೇಡವೆನ್ನುವುದೂ ನಮ್ಮಲ್ಲಿ ಆಗದ ಮಾತು. ಅವರಲ್ಲಿ ಅತ್ಯಂತ ಹಿರಿಯರು ಅಂಗೈಗಳಿಂದ ಮುಖವನ್ನು ಸವರಿಕೊಂಡು ಹರಸಿದರು. ಅಲ್ಲಿಗೆ ಮುಗಿಯಿತು.

"ಎಂಥ ಗುರುತು ಹಾಕ್ಲಿ?" ಎಂದ ಮಿರ್ಜಾಕುಲ್, ಚಾಕು ತೆಗೆಯುತ್ತ.

"ನಡುವೆ ಒಂದು ದುಂಡು ತೂತು," ಎಂದರು ಎಜೆ. "ನಮ್ಮ ಸಾಹೇಬ್ರು ಹಿಡ್ಕೋತಾರೆ. ಅವರಿಗೆ ತೂತು ಕೊರೆಸಿ ಅಭ್ಯಾಸ ಇದೆ."

ಅಪಾ ಅವರನ್ನು ಏರಿಸಿ ನಾವು ಹೊರಟಾಗ ಹಿಂಗಾಜಿನಲ್ಲಿ ಕೊನೆಗೆ ಕಂಡದ್ದು, ಮುಖ್ಯ ವೈದ್ಯಾಧಿಕಾರಿಗಳು ಹುಲ್ಲಿನಲ್ಲಿ ಮಂಡಿಯೂರಿ ಕುರಿಯೊಂದನ್ನು ಅಪ್ಪಿಕೊಂಡಿದ್ದುದು, ಮತ್ತು ಎಜೆಯವರು ನಮ್ಮ ಕಡೆ ನೋಡದೆ ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದುದು.

ಆ ಇಳಿಜಾರಿನ ವರ್ಣನೆ ನನ್ನಿಂದಾಗದು. ನಾನು ನೋಡಿದ್ದು ಅಪಾ ಅವರ ಬಾಯನ್ನು ಮಾತ್ರ. ಪ್ರತಿ ಕಲ್ಲಿಗೂ ಸೊಸೆಯು ಅತ್ತೆಯನ್ನು ಮೇಲೆತ್ತಿ ಹಿಡಿಯುತ್ತಿದ್ದಳು. ಪ್ರತಿ ಕಲ್ಲಿಗೂ ನನ್ನ ಕಿವಿ ಕೆಳಗಿನ ಸದ್ದಿಗೆ ಹೋಗುತ್ತಿತ್ತು. ಹಳ್ಳ ದಾಟುವಾಗ ಹಿಂದಿನ ಬಲ ಚಕ್ರ ಒಂದು ಬಂಡೆಯ ಮೇಲಿಂದ ಧಡಾರನೆ ಇಳಿಯಿತು. ಕುಬಾತ್ ನಿಲ್ಲಿಸಿ, ಮೊಣಕಾಲುದ್ದ ನೀರಿನಲ್ಲಿ ಬಾಗಿ, ರಿಮ್ಮನ್ನು ಸವರಿದನು. ಬಹಳ ಹೊತ್ತು ಸವರಿದನು. "ನಡೀತಾ ಇದೆ ದಾಕ್ತರ್. ಉಸಿರಾಡ್ಬೇಡಿ," ಎಂದು ಹೇಳಿ ಮತ್ತೆ ಹತ್ತಿದನು. ಬೆಳಕಿರುವಾಗಲೇ ಆಸ್ಪತ್ರೆ ಸೇರಿದೆವು. ಶಸ್ತ್ರವೈದ್ಯರು ಕುತ್ತಿಗೆಯನ್ನು ಕೊಯ್ದು ಕೀವು ಹರಿಯಬಿಟ್ಟರು. ಮೂರನೆಯ ದಿನ ಅಪಾ ಕಣ್ಣು ತೆರೆದು, ದಪ್ಪ ನಾಲಿಗೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಆ ಸಾಹೇಬನ್ನ ಯಾಕೆ ಬಿಟ್ಟು ಬಂದ್ರಿ? ಅಲ್ಲಿ ಅವನಿಗೆ ಊಟ ಹಾಕ್ತಿದಾರಾ?"

ಹಾಕುತ್ತಿದ್ದರು. ಕುದುರೆಗಳ ಮೇಲೆ ಅವರಿಬ್ಬರೂ ಮರಳಿದ ದಿನ ಎಜೆಯವರು ಎರ್ಮೆಕ್ ಅವರನ್ನು ನೇರವಾಗಿ ಸಂತೆಯ ತಕ್ಕಡಿಗೆ ಕರೆದೊಯ್ದು, ಅವರ ಹೆಸರಿನ ಮುಂದಿದ್ದ ಅಂಕಿಯನ್ನು ತಿದ್ದಿದರು. ಅಷ್ಟರಲ್ಲಿ ಕುಬಾತ್ ಹಿಂದಿನ ಬಲ ಚಕ್ರವನ್ನು ಬಿಚ್ಚಿ ತೊಳೆದು ಗೋಡೆಗೆ ಒರಗಿಸಿದ್ದನು. ಕೊರೆದು ದೊಡ್ಡದು ಮಾಡಿದ ತೂತಿನ ಅಂಚಿನಿಂದ ನಟ್ಟಿನ ಕುಳಿಯವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿದ್ದಿತ್ತು. ಎರ್ಮೆಕ್ ಅವರು ಅದರ ಮೇಲೆ ಉಗುರನ್ನು ಆಡಿಸಿ ನೋಡಿದರು.

"ಕುರಿ ಇದ್ದಿದ್ರೆ?" ಎಂದು ಕೇಳಿದರು.

"ಹಳ್ಳದಲ್ಲಿರ್ತಿದ್ರು," ಎಂದರು ಎಜೆ. ಅದಕ್ಕಿಂತ ಹೆಚ್ಚು ಆ ದಿನವೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಎಜೆಯವರು ಹೀಗೆ ಹೇಳದೆ ಬಿಟ್ಟ ಮಾತುಗಳು ತೀರ ಕಡಿಮೆಯಾದ್ದರಿಂದ, ಇದನ್ನು ಅವರ ದೊಡ್ಡ ಉಪಕಾರಗಳ ಸಾಲಿಗೆ ಸೇರಿಸುತ್ತೇನೆ.

ಗಾಡಿಗೆ ಕುರಿಗಳಿವೆಯೆಂಬ ಸುದ್ದಿ ಆ ಬೇಸಿಗೆ ಮುಗಿಯುವುದರೊಳಗೆ ಕಣಿವೆಗಳನ್ನು ದಾಟಿತು. ನಮ್ಮ ಮುಖವನ್ನೇ ಕಾಣದ ಬಿಡಾರಗಳವರೂ ತಮ್ಮ ಹಿಂಡಿನಲ್ಲೊಂದಕ್ಕೆ ದುಂಡು ತೂತು ಹಾಕಿ, "ಗಾಡಿಗೆ" ಎಂದು ಬಿಟ್ಟರು. ಹಿಂಡುಗಳು ಇಳಿದು ಬಂದ ಶರತ್ಕಾಲದಲ್ಲಿ ಕೆಲವನ್ನು ಸಂತೆಯಲ್ಲಿ ಮಾರಿ, ಎಜೆಯವರೇ ರಾಜಧಾನಿಗೆ ಹೋಗಿ, ಅಂಗಡಿಯವನ ಮಾತಿಗೆ ಕಿವಿಗೊಡದೆ ಒಳಮೈಗಳನ್ನೇ ಓದಿಕೊಂಡು, ಹಿಂದಿರುಗುವ ತೂಕವನ್ನು ಧಾರಾಳವಾಗಿ ಹೊರಬಲ್ಲ ಐದು ಉಕ್ಕಿನ ಚಕ್ರಗಳನ್ನು ತಂದರು. ಸ್ಟೆಪ್ನಿಯನ್ನೂ ಅದೇ ಜಾತಿಯದನ್ನೇ ತಂದರು; ಸ್ಟೆಪ್ನಿಗೆ ಅಗ್ಗದ್ದು ಸಾಕೆನ್ನುವವರು ಅದನ್ನು ಹಾಕಬೇಕಾಗುವ ಜಾಗವನ್ನು ಯೋಚಿಸಿರುವುದಿಲ್ಲವೆಂದು ಅವರ ಅಭಿಪ್ರಾಯ. ಅವು ಬೂದುಬಣ್ಣದವು, ನೋಡಲು ಏನೇನೂ ಚೆನ್ನಾಗಿಲ್ಲ. ಬಗ್ಗಿದರೆ ಸುತ್ತಿಗೆಯಿಂದ ಬಡಿದು ನೇರ ಮಾಡಬಹುದು. ನನ್ನ ಕುರ್ಚಿ ಮತ್ತೆ ಗಾಡಿಗೆ ಹತ್ತಿತು. ಆದರೆ ಜೈಲೂನ ರೋಗಿಗಳು ಈಗ ಅದರಲ್ಲಿ ಕೂರಲು ಒಪ್ಪುವುದಿಲ್ಲ. ಎಜೆಯವರ ಮೊಣಕಾಲುಗಳನ್ನೇ ಕೇಳುತ್ತಾರೆ. ಮೇಲಿನ ಇಲಾಖೆಯವರು ಒಮ್ಮೆ ಬಂದು, ಮೋಟಾರು ವಾಹನವೊಂದು ಹೇಗೆ ತಾನೇ ಕುರಿಗಳ ಒಡೆತನ ಹೊಂದಬಲ್ಲದೆಂದು ಪ್ರಶ್ನಿಸಿದರು. ಎಜೆಯವರು ಅವರನ್ನು ಮಿರ್ಜಾಕುಲನ ಗುಡಾರಕ್ಕೆ ವಿಚಾರಣೆಗೆಂದು ಕಳಿಸಿದರು. ಅವರೂ ಒಂದೊಂದು ಕುರಿ ಹಿಡಿದುಕೊಂಡು ಮರಳಿದರು. ಪ್ರಶ್ನೆ ಅಲ್ಲಿಗೆ ನಿಂತಿದೆ.

ಉಮ್ಸುನ್ ಅಪಾ ಆ ಮೇಲೆ ಏಳು ಬೇಸಿಗೆಗಳನ್ನು ಜೈಲೂನಲ್ಲಿ ಕಳೆದರು. ಪ್ರತಿ ವರ್ಷವೂ ಗಾಡಿಯ ಸದ್ದು ಕೇಳಿದೊಡನೆ ಹೊರಗೆ ಬಂದು, ಮೊದಲು ಬಾಗಿ ಚಕ್ರಗಳನ್ನು ನೋಡಿ, ಆಮೇಲೆ ನಮ್ಮ ಯೋಗಕ್ಷೇಮ ಕೇಳುತ್ತಿದ್ದರು. ಅವರಿಲ್ಲದ ಮೊದಲ ವರ್ಷ ಎಜೆಯವರು ಗಾಡಿಯಿಂದ ಇಳಿಯಲು ಸ್ವಲ್ಪ ತಡ ಮಾಡಿದರು.

ಈಗ ಅವರೇ ಗಾಡಿಯಿಂದ ಇಳಿಯುತ್ತಿದ್ದಾರೆ. ಶೆಡ್ಡಿನ ಬೀಗದ ಕೈಯನ್ನು ಕುಬಾತನಿಗೆ ಕೊಟ್ಟಾಗಿದೆ. ಎಂಬತ್ತು ಕಿಲೋ ಜಾಗವನ್ನು ಯಾರಿಗೂ ಕೊಡಕೂಡದೆಂದು ಅವನಿಂದ ಮಾತು ಪಡೆದಾಗಿದೆ. ನನ್ನ ಹಿಟ್ಟಿನ ಚೀಲದ ಹೆಸರನ್ನು ಎತ್ತಿಯೇ ಎಚ್ಚರಿಸಿದರೆಂದು ಅವನೇ ನನಗೆ ಹೇಳಿದನು. ಗಾಡಿಯ ಹಿಂಡಿನ ಮೇಲ್ವಿಚಾರಣೆಯನ್ನು ಮಾತ್ರ ಬಿಟ್ಟುಕೊಡಲಾರೆನೆಂದಿದ್ದಾರೆ. ಪ್ರತಿ ಬೇಸಿಗೆಯಲ್ಲೂ ಜೈಲೂಗೆ ಬಂದು ಎಣಿಸಿ ಹೋಗುತ್ತಾರಂತೆ. ಅವರು ಇನ್ನೂ ಬಹುಕಾಲ ಹಾಗೆ ಬರಲಿ, ಅವರ ಮೊಣಕಾಲುಗಳ ಬಲ ಕುಂದದಿರಲಿ, ಮೇಲೆ ಹೋದಾಗಲೆಲ್ಲ ಹೋದದ್ದಕ್ಕಿಂತ ಹೆಚ್ಚು ಭಾರವಾಗಿಯೇ ಮರಳಲಿ, ಮತ್ತು ಆ ಭಾರವನ್ನು ಹೊರಲು ತಕ್ಕ ಚಕ್ರಗಳು ಸದಾ ಅವರ ಕೆಳಗಿರಲಿ ಎಂದು ಸಹೋದ್ಯೋಗಿಗಳೆಲ್ಲರ ಪರವಾಗಿ ಹಾರೈಸುತ್ತೇನೆ.

ಬೀಳ್ಕೊಡುಗೆಯ ದಿನ ಅವರಿಗೆ ದುಂಡು ತೂತಿನ ಕಿವಿಯ ಕುರಿಯೊಂದನ್ನು ಕೊಟ್ಟು, ರೊಟ್ಟಿ ಗಾಡಿಯಲ್ಲಿ ಮನೆಯವರೆಗೆ ಬಿಟ್ಟು ಬಂದೆವು. ತೂಕವನ್ನು ಎರ್ಮೆಕ್ ಅವರು ಲೆಕ್ಕ ಹಾಕಿದರು. ಕುರಿಯನ್ನು ಹಿಂದಿನ ಆಕ್ಸಲ್‌ಗೆ ಸೇರಿಸಲಾಯಿತು.